ಸುಟ್ಟುಹೋದ ರೆಸಿಸ್ಟರ್‌ನ ವ್ಯಾಲ್ಯೂ ಹುಡುಕೋದು ಹೇಗೆ?

ಪವರ್ ಸಪ್ಲೈ ಬೋರ್ಡ್ ಬಿಚ್ಚಿದ್ರೆ ಕಪ್ಪು ಕಲೆ ನಡುವೆ ಒಂದು ರೆಸಿಸ್ಟರ್ ಕರಕಲಾಗಿ ಕೂತಿರತ್ತೆ, ಬಣ್ಣದ ಪಟ್ಟಿ ಒಂದೂ ಕಾಣಲ್ಲ, ಸರ್ಕ್ಯೂಟ್ ಡಯಾಗ್ರಂ ಎಲ್ಲೂ ಸಿಗಲ್ಲ. ಇಂಥ ಟೈಮಲ್ಲಿ ಕೆಲವರು ಅಂದಾಜಿಗೆ ಏನೋ ಒಂದು ಹಾಕಿ ಸ್ವಿಚ್ ಒತ್ತಿಬಿಡ್ತಾರೆ, ಇನ್ನು ಕೆಲವರು ಬೋರ್ಡನ್ನೇ ಗುಜರಿಗೆ ಹಾಕ್ತಾರೆ. ಎರಡೂ ಬೇಡ. ಆ ಪಾರ್ಟ್ ಅಲ್ಲಿ ಯಾವ ಕೆಲಸಕ್ಕೆ ಇತ್ತು ಅನ್ನೋದು ತಿಳಿದ್ರೆ ಸಾಕು, ವ್ಯಾಲ್ಯೂ ಎಷ್ಟಿರ್ಬೇಕು ಅಂತ ಸುತ್ತಲಿನ ಪಾರ್ಟುಗಳೇ ಹೇಳತ್ವೆ.

ಮೊದ್ಲು ಜೀವದ ವಿಷಯ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರತ್ತೆ, 230 ವೋಲ್ಟ್ ಎಸಿ ರೆಕ್ಟಿಫೈ ಆದ್ರೆ ಹತ್ತಿರ ಹತ್ತಿರ 325 ವೋಲ್ಟ್ ಡಿಸಿ, ಅದರಲ್ಲೂ ಕೆಟ್ಟ ಬೋರ್ಡಲ್ಲಿ ಅದು ಖಾಲಿಯಾಗೋಕೆ ದಾರಿನೇ ಇಲ್ದೆ ತುಂಬಾ ಹೊತ್ತು ಹಾಗೇ ನಿಂತಿರತ್ತೆ. ಸ್ಕ್ರೂಡ್ರೈವರಲ್ಲಿ ಶಾರ್ಟ್ ಮಾಡೋ ಅಭ್ಯಾಸ ಇದ್ರೆ ದಯವಿಟ್ಟು ಬಿಡಿ. 10ಕೆ (ಕೆ ಅಂದ್ರೆ ಸಾವಿರ ಓಮ್), 5 ವ್ಯಾಟ್ ರೆಸಿಸ್ಟರನ್ನ ಇನ್ಸುಲೇಟೆಡ್ ಕ್ಲಿಪ್‌ಗಳಿಂದ ಆ ಕೆಪಾಸಿಟರ್‌ನ ಎರಡು ಕಾಲಿಗೆ ಹತ್ತು ಹದಿನೈದು ಸೆಕೆಂಡ್ ಸೇರಿಸಿ, ಆಮೇಲೆ ಮೀಟರಲ್ಲಿ ವೋಲ್ಟೇಜ್ ಸೊನ್ನೆ ಆಗಿದೆಯಾ ಅಂತ ನೋಡಿಯೇ ಕೈ ಹಾಕಿ.

ಇನ್ನು ಬೋರ್ಡಿನ ಎರಡೂ ಕಡೆ ಫೋಟೋ ತೆಗೀರಿ, ಏನನ್ನೂ ಕೆರೆಯೋ ಮುಂಚೆ. ಬಣ್ಣದ ಪಟ್ಟಿ ಸ್ವಲ್ಪ ಉಳಿದಿದ್ರೂ ಕಣ್ಣು ಮುಚ್ಚಿ ನಂಬ್ಬೇಡಿ, ಬಿಸಿಗೆ ಕೆಂಪು ಪಟ್ಟಿ ಕಂದಾಗಿ ಕಾಣತ್ತೆ, ಕಿತ್ತಳೆ ಕೆಂಪಾಗಿ ಕಾಣತ್ತೆ. ಎಸ್‌ಎಂಡಿ (ಬೋರ್ಡ್ ಮೇಲ್ಮೈಗೇ ಬೆಸುಗೆ ಹಾಕೋ ಪುಟ್ಟ ಪಾರ್ಟ್) ಆದ್ರೆ 103 ಅಂದ್ರೆ 10ಕೆ, ನಾಲ್ಕು ಅಂಕಿಯ 1002 ಅಂದ್ರೂ 10ಕೆ, 01ಸಿ ಅಂತಿದ್ರೂ ಅದೇ 10ಕೆ, ಆರ್ ಅಕ್ಷರ ಇದ್ರೆ ಅದು ದಶಾಂಶ ಬಿಂದು, ಹಾಗಾಗಿ 4ಆರ್7 ಅಂದ್ರೆ 4.7 ಓಮ್.

ಸುಟ್ಟ ರೆಸಿಸ್ಟರನ್ನೇ ಅಳೆಯೋದೂ ಒಂದು ದಾರಿ. ಫಿಲ್ಮ್ ರೆಸಿಸ್ಟರ್ (ತೆಳು ಪದರದಿಂದ ಮಾಡಿದ್ದು) ಸಾಮಾನ್ಯವಾಗಿ ಒಂದು ಜಾಗದಲ್ಲಿ ಮಾತ್ರ ಕಡಿದಿರತ್ತೆ, ಮೇಲಿನ ಬಣ್ಣ ಮೆತ್ತಗೆ ಕೆರೆದು ಎಡಗಡೆ ಕಾಲಿಂದ ಕಡಿದ ಜಾಗದವರೆಗೆ ಒಂದು ರೀಡಿಂಗ್, ಬಲಗಡೆಯಿಂದ ಇನ್ನೊಂದು, ಎರಡನ್ನೂ ಕೂಡಿಸಿ. ಕಡಿದ ಜಾಗದ ಪಾಲು ಲೆಕ್ಕಕ್ಕೆ ಬರಲ್ಲ, ಅದಕ್ಕೆ ಮೊತ್ತ ಅಸಲಿಗಿಂತ ಸ್ವಲ್ಪ ಕಮ್ಮಿನೇ ಬರತ್ತೆ. 1.1ಕೆ ಮತ್ತು 0.9ಕೆ ಬಂತು ಅಂದ್ಕೊಳ್ಳಿ, ಮೊತ್ತ 2ಕೆ, ಅಂದ್ರೆ 2.2ಕೆ ಇರೋ ಸಾಧ್ಯತೆ ಜಾಸ್ತಿ, ಯಾಕಂದ್ರೆ ಸಾಮಾನ್ಯ ರೆಸಿಸ್ಟರ್‌ಗಳು 10, 12, 15, 18, 22, 27, 33, 39, 47, 56, 68, 82 ಈ ಸಾಲಲ್ಲೇ (ಅಥವಾ ಇವುಗಳ ಹತ್ತರ ಪಟ್ಟಲ್ಲಿ) ಹೆಚ್ಚಾಗಿ ಸಿಗೋದು. ಇದು ಸುಳಿವು ಮಾತ್ರ, ಬಿಸಿಗೆ ಫಿಲ್ಮ್‌ನ ಗುಣವೂ ಬದಲಾಗಿರತ್ತೆ.

ಬೋರ್ಡಲ್ಲೇ ಇಟ್ಟು ಅಳೆಯುವಾಗ ಒಂದು ನಿಯಮ ನೆನಪಿರ್ಲಿ. ಅಕ್ಕಪಕ್ಕದ ದಾರಿಗಳು ಪ್ಯಾರಲಲ್ ಆಗಿ ಸೇರೋದ್ರಿಂದ ರೀಡಿಂಗ್ ಅಸಲಿಗಿಂತ ಕಮ್ಮಿ ಬರಬಹುದು, ಜಾಸ್ತಿ ಬರೋಕೆ ಸಾಧ್ಯ ಇಲ್ಲ. ಹಾಗಾಗಿ 47ಕೆ ಅಂತ ಗುರುತಿರೋದು 80ಕೆ ತೋರ್ಸಿದ್ರೆ, ಕೆಪಾಸಿಟರ್‌ಗಳು ಖಾಲಿ ಇದ್ದು ರೀಡಿಂಗ್ ನಿಂತ ಮೇಲೂ ಅಷ್ಟೇ ಇದ್ರೆ, ಆ ರೆಸಿಸ್ಟರ್ ಕೆಟ್ಟಿದೆ. ಕಮ್ಮಿ ತೋರ್ಸಿದ್ರೆ ಒಂದು ಕಾಲು ಎತ್ತಿ ಅಳೀರಿ.

ಈಗ ಅಸಲಿ ಕೆಲಸ. ಸುಟ್ಟ ಪಾರ್ಟಿನ ಎರಡು ಕಾಲು ಎಲ್ಲಿಗೆ ಹೋಗ್ತಿವೆ ಅಂತ ಟ್ರ್ಯಾಕ್ ಹಿಡಿದು ಹೋಗಿ ಪೇಪರ್ ಮೇಲೆ ಬರೀರಿ, ಕಂಟ್ರೋಲರ್ ಐಸಿಯ (ಸಪ್ಲೈಯನ್ನ ನಡೆಸೋ ಚಿಪ್) ನಂಬರ್ ಓದಿ ಅದರ ಡೇಟಾಶೀಟ್ (ಕಂಪನಿ ಕೊಡೋ ವಿವರಪತ್ರ) ತೆಗೀರಿ. ಯುಸಿ3842 ಅಂದ್ಕೊಳ್ಳೋಣ, 7ನೇ ಕಾಲು ಸಪ್ಲೈ, 3ನೇ ಕಾಲು ಕರೆಂಟ್ ಸೆನ್ಸ್ (ಕರೆಂಟ್ ಎಷ್ಟು ಅಂತ ನೋಡೋದು), 4ನೇ ಕಾಲು ಆಸಿಲೇಟರ್ (ಸ್ವಿಚಿಂಗ್ ವೇಗ ನಿರ್ಧರಿಸೋದು). 325 ವೋಲ್ಟ್ ಕಡೆಯಿಂದ 7ನೇ ಕಾಲಿಗೆ ಬರೋದು ಸ್ಟಾರ್ಟಪ್ ರೆಸಿಸ್ಟರ್. ಈ ಐಸಿ 16 ವೋಲ್ಟ್ ಸುಮಾರಿಗೆ ಶುರುವಾಗತ್ತೆ, ಅದಕ್ಕೆ ಮುಂಚೆ ಹೆಚ್ಚೆಂದ್ರೆ 1 ಮಿಲಿಆಂಪ್ ಕುಡಿಯತ್ತೆ. 325ರಿಂದ 16 ಕಳೆದ್ರೆ 309, ಒಂದು ಮಿಲಿಆಂಪಿಗೆ 309ಕೆ, ಹಾಗಾಗಿ ಅಲ್ಲಿ 150ಕೆ ಎರಡು ಸೀರೀಸಲ್ಲಿ (ಒಂದರ ಹಿಂದೆ ಒಂದು) ಇರೋದು ಅರ್ಥ ಆಗತ್ತೆ. ಎರಡು ಯಾಕೆ ಅಂದ್ರೆ ಒಂದೇ ಸಣ್ಣ ರೆಸಿಸ್ಟರ್ ಅಷ್ಟು ವೋಲ್ಟೇಜ್ ತಡೆಯಲ್ಲ. 325 ಇದ್ದು ಔಟ್‌ಪುಟ್ ಮಾತ್ರ ಸತ್ತಿದ್ರೆ ನಾನು ಮೊದ್ಲು ನೋಡೋದು ಇವನ್ನೇ.

ಮಾಸ್‌ಫೆಟ್ ಅಂದ್ರೆ ಟ್ರಾನ್ಸ್‌ಫಾರ್ಮರ್‌ಗೆ ಕರೆಂಟನ್ನ ಆನ್ ಆಫ್ ಮಾಡೋ ಟ್ರಾನ್ಸಿಸ್ಟರ್. ಅದರ ಸೋರ್ಸ್ ಕಾಲಿಂದ ಗ್ರೌಂಡಿಗೆ ಇರೋ ಸಣ್ಣ ಓಮಿನ ರೆಸಿಸ್ಟರ್, ಅದೇ ತುಂಬಾ ಸಲ ಕರಕಲಾಗೋದು, ಅದರ ವ್ಯಾಲ್ಯೂ ತಪ್ಪಾದ್ರೆ ಹೊಸ ಮಾಸ್‌ಫೆಟ್ ಒಂದೇ ಕ್ಷಣದಲ್ಲಿ ಹೋಗಬಹುದು, ಹಾಗಾಗಿ ಇಲ್ಲಿ ತಾಳ್ಮೆ ಬೇಕು. ಈ ಐಸಿ 3ನೇ ಕಾಲಲ್ಲಿ 1 ವೋಲ್ಟ್ ಕಂಡ್ರೆ ಮಾಸ್‌ಫೆಟ್ ಆಫ್ ಮಾಡತ್ತೆ. ಅಂದ್ರೆ ರೆಸಿಸ್ಟರ್ = 1 ವೋಲ್ಟ್ ÷ ಪೀಕ್ ಕರೆಂಟ್. ಪೀಕ್ ಕರೆಂಟ್ ಹುಡುಕೋಕೆ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯನ್ನ (ಮೇನ್ಸ್ ಕಡೆಯ ಸುರುಳಿ) ಎಲ್‌ಸಿಆರ್ ಮೀಟರಲ್ಲಿ (ಇಂಡಕ್ಟೆನ್ಸ್ ಅಳೆಯೋ ಮೀಟರ್) ಅಳೀರಿ, 600 ಮೈಕ್ರೋಹೆನ್ರಿ ಬಂತು ಅನ್ನಿ. ಆಸಿಲೇಟರ್ ರೆಸಿಸ್ಟರ್ 10ಕೆ, ಕೆಪಾಸಿಟರ್ 3.3 ನ್ಯಾನೋಫ್ಯಾರಡ್ ಇದ್ರೆ 1.72 ಅನ್ನ ಅವೆರಡರ ಗುಣಲಬ್ಧದಿಂದ ಭಾಗಿಸಿ, ಫ್ರೀಕ್ವೆನ್ಸಿ ಸುಮಾರು 52 ಕಿಲೋಹರ್ಟ್ಸ್. ಲೇಬಲ್ ಮೇಲೆ 60 ವ್ಯಾಟ್ ಅಂತಿದ್ರೆ ಎಫಿಶಿಯನ್ಸಿ 80 ಪರ್ಸೆಂಟ್ ಹಿಡಿದು ಒಳಗೆ ಹೋಗೋದು 75 ವ್ಯಾಟ್. ಪ್ರತಿ ಸೈಕಲ್ಲಲ್ಲಿ ಕರೆಂಟ್ ಸೊನ್ನೆಗೆ ಇಳಿಯೋ ಫ್ಲೈಬ್ಯಾಕ್ (ಶಕ್ತಿಯನ್ನ ಟ್ರಾನ್ಸ್‌ಫಾರ್ಮರಲ್ಲಿ ತುಂಬಿ ಆಮೇಲೆ ಔಟ್‌ಪುಟ್ಟಿಗೆ ಬಿಡೋ ಸಪ್ಲೈ) ಆದ್ರೆ ಪವರ್ ಅಂದ್ರೆ ಅರ್ಧ ಗುಣಿಸು ಇಂಡಕ್ಟೆನ್ಸ್ ಗುಣಿಸು ಕರೆಂಟಿನ ವರ್ಗ ಗುಣಿಸು ಫ್ರೀಕ್ವೆನ್ಸಿ, ಇದ್ರಿಂದ ಪೀಕ್ ಕರೆಂಟ್ 2.2 ಆಂಪಿಯರ್ ಹತ್ತಿರ ಬರತ್ತೆ, ರೆಸಿಸ್ಟರ್ 0.45 ಓಮ್. 0.47ರಿಂದ ಶುರು ಮಾಡಿ. ಜಾಸ್ತಿ ಓಮ್ ಇಟ್ರೆ ಹೆಚ್ಚೆಂದ್ರೆ ಫುಲ್ ಲೋಡಲ್ಲಿ ಔಟ್‌ಪುಟ್ ಬೀಳತ್ತೆ, ಆಗ ಒಂದು ಹೆಜ್ಜೆ ಇಳಿಸಬಹುದು, ಆದ್ರೆ ಕಮ್ಮಿಯಿಂದ ಶುರು ಮಾಡ್ಬೇಡಿ. ಸಾದಾ ವೈರ್‌ವೌಂಡ್ (ತಂತಿ ಸುತ್ತಿದ ರೆಸಿಸ್ಟರ್) ಇಲ್ಲಿ ಬೇಡ, ಅದರ ಸುರುಳಿಯ ಇಂಡಕ್ಟೆನ್ಸ್ ಸೆನ್ಸ್ ಸಿಗ್ನಲ್ಲನ್ನ ಕೆಡಿಸತ್ತೆ.

ಸೆಕೆಂಡರಿ (ಔಟ್‌ಪುಟ್) ಕಡೆ ಲೆಕ್ಕ ಸುಲಭ. ಔಟ್‌ಪುಟ್ ವೋಲ್ಟೇಜನ್ನ ಕಾಯೋ ಟಿಎಲ್431 ಐಸಿ ತನ್ನ ರೆಫರೆನ್ಸ್ ಕಾಲನ್ನ 2.5 ವೋಲ್ಟಲ್ಲಿ ಇಡೋಕೆ ನೋಡತ್ತೆ, ಆ ಕಾಲಿಂದ ಗ್ರೌಂಡಿಗೆ ಇರೋ ಕೆಳಗಿನ ರೆಸಿಸ್ಟರ್ 4.7ಕೆ ಅಂತ ಓದೋಕೆ ಬಂದು ಔಟ್‌ಪುಟ್ಟಿಂದ ಆ ಕಾಲಿಗೆ ಬರೋ ಮೇಲಿನದು ಸುಟ್ಟಿದ್ರೆ, 12 ವೋಲ್ಟ್ ಬೇಕಾದಾಗ 9.5ನ್ನ 2.5ರಿಂದ ಭಾಗಿಸಿ 4.7ರಿಂದ ಗುಣಿಸಿ, 17.86ಕೆ. 18ಕೆ ಹಾಕಿದ್ರೆ ಔಟ್‌ಪುಟ್ 12.07 ವೋಲ್ಟ್. ಈ ಲೆಕ್ಕ ಹೀಗೆ ಕೂಡಿ ಬಂದಾಗ ನಿಜವಾಗ್ಲೂ ಖುಷಿ ಆಗತ್ತೆ.

ಲೆಕ್ಕಕ್ಕೆ ಸಿಗದ ಜಾಗದಲ್ಲಿ ಅವಳಿ ಹುಡುಕಿ, ಹಾಫ್ ಬ್ರಿಡ್ಜ್ (ಎರಡು ಟ್ರಾನ್ಸಿಸ್ಟರ್ ಸರದಿಯಲ್ಲಿ ಕೆಲಸ ಮಾಡೋ ಸಪ್ಲೈ) ಆದ್ರೆ ಎರಡೂ ಕಡೆ ಒಂದೇ ಥರ, ನಾಲ್ಕು ಮಾಸ್‌ಫೆಟ್ ಪ್ಯಾರಲಲ್ ಇದ್ರೆ ಅವುಗಳ ಗೇಟ್ (ಆನ್ ಆಫ್ ಮಾಡೋ ಕಾಲು) ರೆಸಿಸ್ಟರ್‌ಗಳೂ ಸಾಮಾನ್ಯವಾಗಿ ಒಂದೇ. ಗುರುತೇ ಇಲ್ಲದ ಸೆರಾಮಿಕ್ ಕೆಪಾಸಿಟರ್‌ಗೂ ಇದೇ ಉಪಾಯ. ಎನ್‌ಟಿಸಿ (ಬಿಸಿಯಾದಂತೆ ಓಮ್ ಇಳಿಯೋ ರೆಸಿಸ್ಟರ್) ಮೇಲೆ 5ಡಿ-9 ಅಂತಿದ್ರೆ 25 ಡಿಗ್ರಿಯಲ್ಲಿ 5 ಓಮ್, 9 ಮಿಲಿಮೀಟರ್ ಬಿಲ್ಲೆ. ಪ್ರೈಮರಿ ಸೆಕೆಂಡರಿ ನಡುವಿನ ವೈ ಕೆಪಾಸಿಟರ್ (ಸುರಕ್ಷತೆಗೆಂದೇ ಮಾಡಿದ ಕ್ಲಾಸಿನದು) ಮಾತ್ರ ಅದೇ ಕ್ಲಾಸಿಂದೇ ಆಗ್ಬೇಕು, ಬರೀ ವ್ಯಾಲ್ಯೂ ಒಂದೇ ಅಂತ ಮಾಮೂಲಿ ಡಿಸ್ಕ್ ಹಾಕಿದ್ರೆ ಅದು ಶಾರ್ಟ್ ಆದ ದಿನ ಔಟ್‌ಪುಟ್ ವೈರಿಗೆ ಮೇನ್ಸ್ ಬರತ್ತೆ.

ಆನ್ ಮಾಡೋ ಮುಂಚೆ ಮಾಸ್‌ಫೆಟ್, ಗೇಟ್ ರೆಸಿಸ್ಟರ್, ಐಸಿ, ಸೆನ್ಸ್ ರೆಸಿಸ್ಟರ್ ನಾಲ್ಕನ್ನೂ ಒಟ್ಟಿಗೆ ಚೆಕ್ ಮಾಡಿ, ಇವು ತುಂಬಾ ಸಲ ಜೊತೆಯಲ್ಲೇ ಹೋಗಿರತ್ವೆ. ಲೈನಿಗೆ 60 ವ್ಯಾಟಿನ ಹಳೇ ತಂತಿ ಬಲ್ಬ್ ಸೀರೀಸಲ್ಲಿ ಹಾಕಿ ಆನ್ ಮಾಡಿ, ಬಲ್ಬ್ ಮಿಂಚಿ ಮಂಕಾದ್ರೆ ಮುಂದೆ ಹೋಗಬಹುದು, ಜೋರಾಗಿ ಉರೀತಾನೇ ಇದ್ರೆ ಶಾರ್ಟ್ ಇನ್ನೂ ಇದೆ. ಬಲ್ಬ್ ತೆಗೆದ ಮೇಲೆ ಲೋಡ್ ಹಾಕಿ ಅರ್ಧ ಗಂಟೆ ಓಡಿಸಿ, ಆಫ್ ಮಾಡಿ ಚಾರ್ಜ್ ಇಳಿಸಿ ಹೊಸ ರೆಸಿಸ್ಟರ್ ಎಷ್ಟು ಬಿಸಿಯಾಗಿದೆ ನೋಡಿ, ಸರಿ ಇದ್ರೆ ಅದರ ವ್ಯಾಲ್ಯೂನ ಬೋರ್ಡ್ ಮೇಲೆ ಮಾರ್ಕರಲ್ಲಿ ಬರೆದಿಡಿ.