ಸೆಕೆಂಡ್ ಮುಳ್ಳು ಮತ್ತು ಬೇಸ್ ಡ್ರಮ್

ನಾನು ಉಡುಪಿಯ ಒಂದು ಹೈಸ್ಕೂಲಿನ ಪಿಟಿ ಮಾಸ್ಟ್ರು. ಶಾಲೆಯ ಬ್ಯಾಂಡ್ ಸೆಟ್ ನೋಡಿಕೊಳ್ಳುವುದೂ ನನ್ನ ಕೆಲಸ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನ ಅಮ್ಮ ಬಂದು, ಮಗನನ್ನು ಬ್ಯಾಂಡಿಗೆ ಸೇರಿಸಿಕೊಳ್ಳಿ ಅಂದಾಗ ನನಗೆ ಹೆದರಿಕೆಯಾಯಿತು. ಹುಡುಗನಿಗೆ ಆಟಿಸಂ ಇದೆ. ಕುಕ್ಕರ್ ಕೂಗಿದರೂ ಕಿವಿ ಮುಚ್ಚಿಕೊಳ್ಳುತ್ತಾನೆ. ಅಂಥವನಿಗೆ ಬ್ಯಾಂಡಾ?

ಅವರು ಹೇಳಿದ ಒಂದು ಮಾತು ನನ್ನ ಮನಸ್ಸು ಬದಲಾಯಿಸಿತು. "ಸರ್, ಅಷ್ಟಮಿಗೆ ಹುಲಿವೇಷದವರು ಅಂಗಳಕ್ಕೆ ಬಂದ್ರೆ ಒಳಗೆ ಓಡ್ತಾನೆ. ಅವರು ಆಚೆ ಮನೆಗೆ ಹೋದ ಮೇಲೆ ಕಿಟಕಿ ಸರಳಿನ ಮೇಲೆ ಅವರ ತಾಸೆ ವಾದ್ಯದ ಪೆಟ್ಟು ಹಾಗೇ ಬಾರಿಸ್ತಾನೆ. ಒಂದೂ ತಪ್ಪೋದಿಲ್ಲ."

ಶುರುವಿನಲ್ಲಿ ತಪ್ಪು ಮಾಡಿದ್ದು ನಾನೇ. ಸುಲಭ ಅಲ್ವಾ ಅಂತ ಎರಡು ತಟ್ಟೆ ಬಡಿಯುವ ಸಿಂಬಲ್ ಕೊಟ್ಟೆ. ಜುಲೈ ತಿಂಗಳು, ಬಿಡದ ಮಳೆ, ಹಾಗಾಗಿ ಪ್ರಾಕ್ಟೀಸ್ ಶೀಟ್ ಹಾಕಿದ ಶೆಡ್ಡಿನೊಳಗೆ. ಮೇಲೆ ಮಳೆ, ಕೆಳಗೆ ಸೈಡ್ ಡ್ರಮ್‌ಗಳು, ಅವನ ಕೈಯಲ್ಲೇ ಸಿಂಬಲ್. ಹತ್ತು ನಿಮಿಷಕ್ಕೆ ಅವನು ಗೋಡೆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಮರುದಿನ ಬರಲಿಲ್ಲ.

ಮೂರು ದಿನ ಬಿಟ್ಟು ಬಂದ. ಆವತ್ತು ಶಬ್ದ ಕಡಿಮೆ ಮಾಡುವ ಕೆಲಸ ಮೊದಲು ಮಾಡಿದೆವು. ಸೈಡ್ ಡ್ರಮ್ಮಿನ ಬದಿಯಲ್ಲಿ ಒಂದು ಸಣ್ಣ ಹಿಡಿ ಇರುತ್ತದೆ. ಅದನ್ನು ಸರಿಸಿದರೆ ಅಡಿಯ ತಂತಿಗಳು ಚರ್ಮ ಬಿಟ್ಟು ದೂರವಾಗುತ್ತವೆ, ಚರಚರ ಸದ್ದು ಹೋಗಿ ಮೆತ್ತಗಿನ ಪೆಟ್ಟು ಮಾತ್ರ ಉಳಿಯುತ್ತದೆ. ಪ್ರಾಕ್ಟೀಸಿಗೆ ಅಷ್ಟೇ ಸಾಕು. ಶೆಡ್ ಬಿಟ್ಟು ಉದ್ದದ ಜಗಲಿಗೆ ಬಂದೆವು. ಮುರಕಲ್ಲು ಕೊರೆಯುವವರು ಹಾಕಿಕೊಳ್ಳುವ ಇಯರ್‌ಮಫ್ ಅವನ ಅಮ್ಮ ಹಾರ್ಡ್‌ವೇರ್ ಅಂಗಡಿಯಿಂದ ತಂದರು.

ಆದರೆ ನಿಜವಾದ ದಾರಿ ಸಿಕ್ಕಿದ್ದು ಜಗಲಿಯ ಗೋಡೆ ಗಡಿಯಾರದಿಂದ. ಅವನು ಸೆಕೆಂಡ್ ಮುಳ್ಳನ್ನೇ ನೋಡುತ್ತಾ ತೊಡೆ ಮೇಲೆ ಬೆರಳು ಬಡಿಯುತ್ತಿದ್ದ. ನಮ್ಮ ಬ್ಯಾಂಡಿನ ನಡಿಗೆ ನಿಮಿಷಕ್ಕೆ 120 ಹೆಜ್ಜೆ. ಅಂದರೆ ಎಡಗಾಲು ಬೀಳುವುದು 60 ಸಲ. ದೊಡ್ಡ ಡೋಲು, ಅಂದರೆ ಬೇಸ್ ಡ್ರಮ್ ಹೊಡೆಯಬೇಕಾದದ್ದೂ ಎಡಗಾಲಿಗೆ. ಸೆಕೆಂಡಿಗೆ ಒಂದು ಪೆಟ್ಟು! ಇಷ್ಟು ವರ್ಷ ಬ್ಯಾಂಡ್ ಕಲಿಸಿದರೂ ಈ ಲೆಕ್ಕ ನನಗೆ ಹೊಳೆದಿರಲಿಲ್ಲ.

ಬೇಸ್ ಡ್ರಮ್ ಕೊಟ್ಟೆ. ಬೀಟರಿನಿಂದ ಒಂದು ಹೊಡೆದ. ನಿಂತ. ಕೈ ಡ್ರಮ್ಮಿನ ಚರ್ಮದ ಮೇಲಿಟ್ಟು ಅದರ ನಡುಕ ನಿಲ್ಲುವವರೆಗೆ ಕಾದ. ಮತ್ತೆ ಹೊಡೆದ. ಆವತ್ತು ಇಯರ್‌ಮಫ್ ಕುತ್ತಿಗೆಯಲ್ಲೇ ಇತ್ತು. ತಾನೇ ಮಾಡುವ ಸದ್ದು, ಯಾವಾಗ ಬರುತ್ತದೆ ಅಂತ ಗೊತ್ತಿರುವ ಸದ್ದು ಅವನಿಗೆ ಕಷ್ಟವಲ್ಲ. ಕಷ್ಟ ಕೊಡುವುದು ಹೇಳದೆ ಕೇಳದೆ ಬರುವುದು.

ಆಮೇಲೆ ಎಲ್ಲವನ್ನೂ ಆ ಕಣ್ಣಿನಿಂದಲೇ ನೋಡಿದೆ. ಬ್ಯಾಂಡ್ ನಿಲ್ಲಿಸಲು ನಾನು ಗಟ್ಟಿಯಾಗಿ 'ಥಮ್' ಅಂತ ಕೂಗುವುದನ್ನು ಬಿಟ್ಟೆ. ಅದರ ಬದಲು ಮುಂದಿರುವ ಲೀಡರ್ ಹುಡುಗಿ ಕೋಲು ಮೇಲೆತ್ತುತ್ತಾಳೆ, ಎರಡು ಎಡಗಾಲು ಆದ ಮೇಲೆ ನಿಲ್ಲುವುದು. ಸಾಲು ಸರಿ ಮಾಡಲು ಪಕ್ಕದವರ ಭುಜಕ್ಕೆ ಕೈ ತಾಗಿಸುವ ಅಭ್ಯಾಸ ಇತ್ತು. ಅವನನ್ನು ಯಾರೂ ಮುಟ್ಟಬಾರದು. ಅದರ ಬದಲು ನೆಲಕ್ಕೆ ಸುಣ್ಣದ ಗುರುತು ಹಾಕಿದೆವು. ಟೋಪಿ ಚುಚ್ಚುತ್ತದೆ ಅಂದ, ಟೋಪಿ ಬಿಟ್ಟೆವು. ಇನ್ನೊಬ್ಬ ಹುಡುಗನಿಗೂ ಬೇಸ್ ಡ್ರಮ್ ಕಲಿಸಿ ಇಟ್ಟೆ. ಬೇಡ ಅನಿಸಿದಾಗ ಇವನು ಹೊರಗೆ ಹೋಗಲಿ, ಬ್ಯಾಂಡ್ ನಿಲ್ಲುವುದು ಬೇಡ.

ಸ್ಟಾಫ್ ರೂಮಿನಲ್ಲಿ ಒಬ್ಬರು, "ಊರೆಲ್ಲ ನೋಡುವ ಜಾಗಕ್ಕೆ ಇವನೇ ಯಾಕೆ?" ಅಂದರು. ನನಗೆ ಬೇಜಾರಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಪಾಠ ಮಾತ್ರ ಅಲ್ಲ, ಆಟ ಮನರಂಜನೆಯಲ್ಲೂ ಉಳಿದ ಮಕ್ಕಳಷ್ಟೇ ಅವಕಾಶ ಕೊಡಬೇಕು ಅಂತ ಅದರಲ್ಲಿದೆ. ಅದನ್ನು ಹೇಳಿದೆ. ಜೊತೆಗೆ, ತಾಳ ಹಿಡಿಯುವುದರಲ್ಲಿ ಇವನಷ್ಟು ಗಟ್ಟಿ ನಮ್ಮಲ್ಲಿ ಯಾರೂ ಇಲ್ಲ ಅಂತಲೂ ಹೇಳಿದೆ.

ಆಗಸ್ಟ್ 15ಕ್ಕೆ ಮೊದಲಿನ ಭಾನುವಾರ ಅವನನ್ನೂ ಅಮ್ಮನನ್ನೂ ಪರೇಡ್ ನಡೆಯುವ ಅಜ್ಜರಕಾಡು ಮೈದಾನಕ್ಕೆ ಕರೆದುಕೊಂಡು ಹೋದೆ. ಜನ ಇರಲಿಲ್ಲ. ಎಲ್ಲಿಂದ ಒಳಗೆ, ಎಲ್ಲಿ ತಿರುಗುವುದು, ಸ್ಪೀಕರ್ ಎಲ್ಲಿ ಇಡುತ್ತಾರೆ, ಎಲ್ಲವನ್ನೂ ನಡೆದೇ ತೋರಿಸಿದೆ. ಬೇಡ ಅನಿಸಿದರೆ ಗ್ಯಾಲರಿಯ ಆ ತುದಿಗೆ ಹೋಗುವುದು, ಯಾರನ್ನೂ ಕೇಳಬೇಕಿಲ್ಲ. ಅಲ್ಲಿ ಅಮ್ಮ ಇರುತ್ತಾರೆ. ಆ ತುದಿಯಿಂದ ಬ್ಯಾಂಡ್ ನಿಲ್ಲುವ ಜಾಗಕ್ಕೆ ಎಷ್ಟು ಹೆಜ್ಜೆ ಅಂತ ಅವನು ಎರಡು ಸಲ ಎಣಿಸಿದ.

ಆಗಸ್ಟ್ 15ರಂದು ವೇದಿಕೆ ಹತ್ತಿರ ಬರುತ್ತಿದ್ದಂತೆ ಸೈಡ್ ಡ್ರಮ್ ಹುಡುಗರು ಜೋಶಿನಲ್ಲಿ ತಾಳ ಓಡಿಸತೊಡಗಿದರು. ಪ್ರತಿ ವರ್ಷವೂ ಹೀಗೇ ಆಗಿ, ಹಿಂದಿನ ಮಕ್ಕಳ ಕಾಲು ತಪ್ಪುತ್ತಿತ್ತು. ಇವನು ಓಡಲಿಲ್ಲ. ಧಂ, ಧಂ, ಅದೇ ನಡೆ. ನಾಲ್ಕೈದು ಪೆಟ್ಟಿನೊಳಗೆ ಅವರೇ ಇವನ ಲೆಕ್ಕಕ್ಕೆ ಬಂದರು. ನನ್ನ ಕಣ್ಣು ಒದ್ದೆಯಾಯಿತು.

ಆಮೇಲೆ ಮೈಕ್ ಒಮ್ಮೆಲೇ ಕೀರಿಟ್ಟಿತು. ಅವನು ಪಟ್ಟಿ ಬಿಚ್ಚಿ, ಡ್ರಮ್ ಮೆಲ್ಲಗೆ ನೆಲಕ್ಕಿಟ್ಟು, ಗ್ಯಾಲರಿ ತುದಿಗೆ ನಡೆದ. ವಾಪಸ್ ಬರಲಿಲ್ಲ. ಕೊನೆಯ ಸುತ್ತನ್ನು ಇನ್ನೊಬ್ಬ ಹುಡುಗ ಬಾರಿಸಿದ. ಯಾರೂ ಏನೂ ಕೇಳಲಿಲ್ಲ. ಶಾಲೆಗೆ ಬಂದು ಲಾಡು ತಿನ್ನುವಾಗ ಅವನೇ ನನ್ನ ಹತ್ತಿರ ಬಂದ.

"ಸರ್, ಗ್ರೌಂಡಲ್ಲಿ ಗಡಿಯಾರ ಇರ್ಲಿಲ್ಲ. ಆದ್ರೂ ಅರುವತ್ತೇ ಬಂತು."

ಈಗ ಜನವರಿ 26ಕ್ಕೆ ಪ್ರಾಕ್ಟೀಸ್ ನಡೆಯುತ್ತಿದೆ. ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ ಕೊಟ್ಟಿದ್ದಾನೆ: ಟೋಪಿ ಬೇಡ, ಶೆಡ್ ಬೇಡ, ಮೈಕಿನಿಂದ ದೂರದ ಸಾಲು. ಬ್ಯಾಂಡ್ ರೂಮಿನ ಬಾಗಿಲಿಗೆ ಅಂಟಿಸಿದ್ದೇನೆ.