ಮಷೀನು ಕೆಟ್ಟಿಲ್ಲ ಕಣ್ರೀ, ಬೀಗ ಬಿದ್ದಿದೆ

ಹೋದ ಭಾನುವಾರ ಮಗನ ಮನೆಗೆ ಹೋಗಿದ್ದೆ. ನಾನು ಚಪ್ಪಲಿ ಬಿಡುವ ಹೊತ್ತಿಗೆ ಅವನು ವಾಷಿಂಗ್ ಮಷೀನಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಬಾಗಿಲಿನ ಹಿಡಿ ಹಿಡಿದು ಜಗ್ಗುತ್ತಿದ್ದ. ಸೊಸೆ ಪಕ್ಕದಲ್ಲಿ ನಿಂತು ಫೋನಿನಲ್ಲಿ ಮೆಕ್ಯಾನಿಕ್ ನಂಬರ್ ಹುಡುಕುತ್ತಿದ್ದಳು. "ಅತ್ತೆ, ಮಷೀನ್ ಕೆಟ್ಟೋಗಿದೆ. ಯಾವ ಬಟನ್ ಒತ್ತಿದ್ರೂ ಏನೂ ಆಗ್ತಿಲ್ಲ" ಅಂದಳು. ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಡಿಸ್‌ಪ್ಲೇಯಲ್ಲಿ ಒಂದು ಸಲ 38 ಅಂತ ಉಳಿದ ನಿಮಿಷ ಬರುತ್ತದೆ, ಇನ್ನೊಂದು ಸಲ ಸಿ, ಎಲ್ ಅಂತ ಎರಡು ಇಂಗ್ಲಿಷ್ ಅಕ್ಷರ ಬರುತ್ತದೆ. ಕಣ್ಣಿಗೆ ಹೊಡೆಯುವ ಹಾಗೆ ಬರೆದು ತೋರಿಸುತ್ತಿದೆ ಪಾಪ ಆ ಮಷೀನು. ಓದುವವರು ಯಾರು? ಇಬ್ಬರೂ ಇಂಜಿನಿಯರಿಂಗ್ ಮಾಡಿದವರು. ಆ ಎರಡು ಅಕ್ಷರ ಬಿಟ್ಟು ಮಿಕ್ಕಿದ್ದೆಲ್ಲ ನೋಡಿದ್ದಾರೆ. ಸಿ, ಎಲ್ ಅಂದರೆ ಚೈಲ್ಡ್ ಲಾಕ್.

ಇದೇನು ಒಂದು ಮನೆಯ ಕಥೆ ಅಲ್ಲ. ನಮ್ಮ ಬೀದಿಯಲ್ಲೇ ಒಬ್ಬ ಹುಡುಗಿ ಇದೇ ಕಾರಣಕ್ಕೆ ಮೆಕ್ಯಾನಿಕ್ ಕರೆಸಿದಳು. ಅವನು ಬಂದ, ಎರಡು ಬಟನ್ ಒತ್ತಿ ಹಿಡಿದ, ಬೀಪ್ ಅಂತು, 450 ರೂಪಾಯಿ ಇಸ್ಕೊಂಡು ಹೋದ. ಏನು ಮಾಡಿದ ಅಂತಲೂ ಅವಳು ಕೇಳಲಿಲ್ಲ. ಮತ್ತೆ ಎರಡೇ ತಿಂಗಳಿಗೆ ಅದೇ ಪಾಡು. ಅದಕ್ಕೇ ಬರೆಯುತ್ತಿದ್ದೇನೆ. ಒಂದು ಸಲ ಸಮಾಧಾನವಾಗಿ ಓದಿ.

ಚೈಲ್ಡ್ ಲಾಕ್ ಅಂದರೆ ಬಟನ್‌ಗಳಿಗೆ ಹಾಕಿದ ಬೀಗ, ಅಷ್ಟೇ. ಮಷೀನು ಓಡುತ್ತಿರುವಾಗ ಮಗು ಬಂದು ಏನಾದರೂ ಒತ್ತಿದರೆ ಪ್ರೋಗ್ರಾಮ್ ಬದಲಾಗಬಾರದು ಅಂತ ಇಟ್ಟಿದ್ದಾರೆ. ಅದು ಬಿದ್ದಾಗ ಸಾಮಾನ್ಯವಾಗಿ ಪವರ್ ಬಟನ್ ಒಂದು ಮಾತ್ರ ಕೆಲಸ ಮಾಡುತ್ತದೆ, ಮಿಕ್ಕವೆಲ್ಲ ಸತ್ತ ಹಾಗೆ. ಎಲ್‌ಜಿ ಮಷೀನಿನಲ್ಲಿ ಸಿ, ಎಲ್ ಅಕ್ಷರ ಬರುತ್ತದೆ. ಬಾಷ್‌ನಲ್ಲಿ ಬೀಗದ ಕೈ ಚಿತ್ರ. ಬೇರೆಯವುಗಳಲ್ಲಿ ಬೀಗದ ಚಿತ್ರವೋ ಮಗುವಿನ ಮುಖವೋ ಹೊತ್ತಿಕೊಂಡಿರುತ್ತದೆ. ಸೆಮಿ ಆಟೋಮ್ಯಾಟಿಕ್ ಇಟ್ಟುಕೊಂಡವರಿಗೆ ಈ ತಾಪತ್ರಯವೇ ಇಲ್ಲ. ಟೈಮರಿನ ಕಿವಿ ತಿರುಗಿಸಿದರೆ ಓಡುತ್ತದೆ, ನಿಂತಾಗ ಕಿರ್ರ್ ಅನ್ನುತ್ತದೆ.

ಎಲ್ಲರೂ ಮೊದಲು ಮಾಡುವ ತಪ್ಪು ಅಂದರೆ ಸ್ವಿಚ್ ಆಫ್ ಮಾಡಿ ಆನ್ ಮಾಡುವುದು. ಫೋನ್ ಹ್ಯಾಂಗ್ ಆದರೆ ಮಾಡ್ತಾರಲ್ಲ, ಹಾಗೆ. ಎಷ್ಟೋ ಮಷೀನಿನಲ್ಲಿ ಆಫ್ ಮಾಡಿದರೂ ಈ ಬೀಗ ಬಿಡುವುದಿಲ್ಲ. ಕರೆಂಟ್ ಹೋಗಿ ಬಂದರೂ ಬಿಡುವುದಿಲ್ಲ. ಬಟ್ಟೆ ಒಗೆದು ಮುಗಿದರೂ ಬಿಡುವುದಿಲ್ಲ. ಈ ವಾರ ಬಿದ್ದ ಬೀಗ ಮುಂದಿನ ವಾರ ನೀವು ಬಟ್ಟೆ ಹಾಕುವಾಗಲೂ ಹಾಗೇ ಕಾಯುತ್ತಾ ಇರುತ್ತದೆ. ಮಗು ಆಫ್ ಮಾಡಿ ಆನ್ ಮಾಡಿದ ಕೂಡಲೇ ಬಿಟ್ಟುಹೋದರೆ ಅದು ಬೀಗ ಹೇಗಾಗುತ್ತದೆ ಹೇಳಿ.

ಬೀಗ ಬಿಡಿಸುವ ಬಟನ್ ಮಷೀನಿನ ಮೇಲೇ ಬರೆದಿರುತ್ತದೆ. ಎರಡು ಬಟನ್‌ಗಳ ಕೆಳಗೆ ಒಂದು ಸಣ್ಣ ಗೆರೆ ಎಳೆದು, ಎರಡನ್ನೂ ಸೇರಿಸಿ, ಪಕ್ಕದಲ್ಲಿ ಬೀಗದ ಚಿತ್ರವೋ ಚೈಲ್ಡ್ ಲಾಕ್ ಅಂತಲೋ ಇರುತ್ತದೆ. 3 ಸೆಕೆಂಡ್ ಅಂತಲೂ ಇರುತ್ತದೆ. ಒಂದೊಂದರಲ್ಲಿ ಎರಡಲ್ಲ, ಒಂದೇ ಬಟನ್. ಯಾವ ಎರಡು ಅಂತ ನನ್ನನ್ನು ಕೇಳಬೇಡಿ, ಒಂದೇ ಕಂಪನಿಯಲ್ಲೂ ಒಂದೊಂದು ಮಾಡೆಲ್‌ಗೆ ಒಂದೊಂದು ಥರ ಇಟ್ಟಿದ್ದಾರೆ. ಬೂದು ಬಣ್ಣದ ಸಣ್ಣ ಅಕ್ಷರ, ಮೂಲೆಯಲ್ಲಿ ಕತ್ತಲೆ ಬೇರೆ. ಟಾರ್ಚ್ ಹಾಕಿ ಓರೆಯಾಗಿ ನೋಡಿ, ಕಾಣುತ್ತದೆ. ಒರೆಸಿ ಒರೆಸಿ ಅಳಿಸಿಹೋಗಿದ್ದರೆ ಮಷೀನಿನ ಜೊತೆ ಕೊಟ್ಟ ಪುಸ್ತಕ ತೆಗೆಯಿರಿ. ಆ ಪುಸ್ತಕವನ್ನು ಹಳೇ ಪೇಪರ್‌ಗೆ ಹಾಕಿದ್ದರೆ ನಾನೇನು ಹೇಳಲಿ.

ಈಗ ಒತ್ತುವ ವಿಷಯ. ಎಲ್ಲರೂ ಸೋಲುವುದು ಇಲ್ಲೇ. "ಒತ್ತಿದೆ ಅತ್ತೆ, ಹತ್ತು ಸಲ ಒತ್ತಿದೆ" ಅಂದಳು ನನ್ನ ಸೊಸೆ. ಹೇಗೆ ಒತ್ತಿದಳು ಅಂತ ನೋಡಿದೆ. ಟಪ್ ಅಂತ ಮುಟ್ಟಿದಳು, ಬಿಟ್ಟಳು. ಫೋನ್ ಮುಟ್ಟಿ ಮುಟ್ಟಿ ಈಗಿನವರ ಬೆರಳು ಒಂದು ಕಡೆ ನಿಲ್ಲುವುದನ್ನೇ ಮರೆತಿದೆ. ಮೂರು ಸೆಕೆಂಡ್ ಅಂದರೆ ನಿಮಗೆ ತಿಳಿದಷ್ಟು ಚಿಕ್ಕದಲ್ಲ. ಒಂದು ಎರಡು ಮೂರು ಅಂತ ಗಡಿಬಿಡಿಯಲ್ಲಿ ಎಣಿಸಿದರೆ ಒಂದೂವರೆ ಸೆಕೆಂಡಿಗೆ ಮುಗಿದುಹೋಗುತ್ತದೆ.

ನಾನು ಮಾಡುವ ಕ್ರಮ ಹೇಳುತ್ತೇನೆ, ಹಾಗೇ ಮಾಡಿ.

ಮೊದಲು ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಸೋಪಿನ ಕೈಯಲ್ಲಿ, ಒದ್ದೆ ಕೈಯಲ್ಲಿ ಮುಟ್ಟಿದರೆ ಈ ಟಚ್ ಬಟನ್‌ಗಳಿಗೆ ಬೆರಳು ಯಾವುದು ನೀರು ಯಾವುದು ಗೊತ್ತಾಗುವುದಿಲ್ಲ. ಸೆರಗಿನಲ್ಲಿ ಒರೆಸಿಕೊಂಡೆ ಅಂದರೆ ಸಾಲದು, ಬೆರಳ ತುದಿ ಮುಟ್ಟಿದರೆ ಬೆಚ್ಚಗೆ, ಒಣಗಿ ಇರಬೇಕು. ಆಮೇಲೆ ಮಷೀನಿನ ಮುಖ ಒರೆಸಿ. ಟರ್ಕಿ ಟವೆಲ್ ಬೇಡ, ನೂಲು ಬಿಡುತ್ತದೆ. ಹಳೇ ಮಲ್ ಪಂಚೆಯ ತುಂಡು ಇಟ್ಟುಕೊಳ್ಳಿ, ಹತ್ತು ವರ್ಷ ಒಗೆದು ಮೆತ್ತಗಾಗಿರುವಂಥದ್ದು. ಒಣ ಬಟ್ಟೆಯಲ್ಲೇ ಒರೆಸಬೇಕು. ಒರೆಸಿದ ಮೇಲೆ ಒಂದೆರಡು ನಿಮಿಷ ಸುಮ್ನೆ ಬಿಡಿ.

ಈಗ ಎರಡೂ ಕೈಯ ತೋರುಬೆರಳು. ಒಂದೇ ಕೈಯ ಎರಡು ಬೆರಳಲ್ಲಿ ಒತ್ತಲು ಹೋಗಬೇಡಿ, ಒಂದು ಮೊದಲು ಒಂದು ಆಮೇಲೆ ತಾಗುತ್ತದೆ. ಮೊದಲು ತಾಗಿದ ಬಟನ್ ತನ್ನ ಕೆಲಸ ಶುರು ಮಾಡಿಕೊಳ್ಳಲು ನೋಡುತ್ತದೆ. ಎರಡೂ ಬೆರಳು ಬಟನ್‌ಗಳ ಎದುರಿಗೆ ಹಿಡಿದು, ಜೋಡಿ ದೀಪ ಹಚ್ಚುವ ಹಾಗೆ ಒಟ್ಟಿಗೇ ಇಡಿ. ಉಗುರಲ್ಲ, ಬೆರಳ ಮೆತ್ತನೆ ಭಾಗ. ಬಲ ಹಾಕುವುದು ಬೇಡ, ಆದರೆ ಅಲುಗಾಡಬೇಡಿ.

ಇಟ್ಟ ಮೇಲೆ ಎಣಿಸಬೇಕು. ನಾನು ಎಣಿಸುವುದು ನಮ್ಮತ್ತೆ ರಾಗಿ ಅಳೆಯುತ್ತಿದ್ದ ಹಾಗೆ. ವಾಡೆಯಿಂದ, ಅಂದರೆ ಕಾಳು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆಯಿಂದ, ರಾಗಿ ತೆಗೆದು ಸೇರಿನಲ್ಲಿ ಅಳೆಯುವಾಗ ಅವರು ಒಂದು ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದರು. ಮೊದಲ ಅಳತೆಗೆ ಲಾಭ ಅನ್ನುವುದು ನಮ್ಮ ಕಡೆ ಪದ್ಧತಿ. ಸೇರು ತುಂಬಿ, ಅಂಗೈಯಲ್ಲಿ ತಲೆ ಸವರಿ, ಚೀಲಕ್ಕೆ ಸುರಿಯುವಾಗ "ಲಾ...ಭ" ಅಂತ ಎಳೆದು, ಕೊನೇ ಕಾಳು ಬೀಳುವ ತನಕ ಆ ಮಾತು ಮುಗಿಯುತ್ತಿರಲಿಲ್ಲ. ಆಮೇಲೆ "ಎ...ರಡು", ಆಮೇಲೆ "ಮೂ...ರು". ಮಧ್ಯೆ ಯಾರಾದರೂ ಮಾತಾಡಿಸಿದರೆ ಉತ್ತರದ ಬದಲು ಅದೇ ಸಂಖ್ಯೆಯನ್ನೇ ಮತ್ತೆ ಮತ್ತೆ ಹೇಳುತ್ತಾ ಕೈಯಾಡಿಸುತ್ತಿದ್ದರು. ಲೆಕ್ಕ ತಪ್ಪುತ್ತಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದ ನಾನು ವಾಡೆ ಪಕ್ಕ ಚೀಲದ ಬಾಯಿ ಹಿಡಿದು ನಿಂತು ಆ ಎಣಿಕೆ ಕಲಿತೆ. ಈಗಲೂ ಮಷೀನಿನ ಮುಂದೆ ಬೆರಳಿಟ್ಟರೆ ಬಾಯಿಗೆ ಅದೇ ಬರುತ್ತದೆ. ಹಾಗೆ ಮೂರು ಎಳೆದರೆ ಮಷೀನಿಗೆ ಬೇಕಾದ ಹೊತ್ತು ಆಗಿಯೇ ಆಗುತ್ತದೆ. ಆದರೂ ಎಣಿಕೆ ಮುಗಿಯಿತು ಅಂತ ಕೈ ತೆಗೆಯಬೇಡಿ. ಬೀಪ್ ಆಗಬೇಕು, ಅಕ್ಷರ ಅಥವಾ ಬೀಗದ ಚಿತ್ರ ಹೋಗಬೇಕು, ಆಮೇಲೆ ಬೆರಳು ಎತ್ತಿ. ಹಳೇ ಮಾಡೆಲ್‌ಗಳಲ್ಲಿ ಐದು ಸೆಕೆಂಡ್ ಕೇಳುವುದೂ ಉಂಟು.

ಬೀಗ ಬಿಟ್ಟ ಕೂಡಲೇ ಒಂದು ಕೆಲಸ ಮಾಡಿ. ಹಣೆಗೆ ಇಟ್ಟುಕೊಳ್ಳುವ ಸ್ಟಿಕ್ಕರ್ ಬೊಟ್ಟು ಇರುತ್ತದಲ್ಲ, ಸಾಸಿವೆ ಕಾಳಿನಷ್ಟು ಚಿಕ್ಕದು, ಕೆಂಪು, ಎರಡು ತೆಗೆದುಕೊಂಡು ಆ ಎರಡು ಬಟನ್‌ಗಳ ಕೆಳಗೆ ಒಂದೊಂದು ಅಂಟಿಸಿ. ಬಟನ್ ಮೇಲೆ ಅಂಟಿಸಬೇಡಿ, ಕೆಳಗೆ. ನನ್ನ ಮಷೀನಿನಲ್ಲಿ ಅಂಟಿಸಿ ನಾಲ್ಕು ವರ್ಷ ಆಯಿತು, ಒಂದು ಸಲ ಮಾತ್ರ ಬದಲಾಯಿಸಿದ್ದೇನೆ. ಕೆಲಸದವಳಿಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು, ಎರಡು ಬೊಟ್ಟು ಅಂದರೆ ಬೀಗ ಅಂತ.

ಇಷ್ಟಾದರೂ ಬಿಡದಿದ್ದರೆ ಪವರ್ ಬಟನ್ ಆಫ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಆನ್ ಮಾಡಿ, ಮತ್ತೆ ಬೆರಳಿಟ್ಟು ನೋಡಿ. ಗೋಡೆಯ ಸ್ವಿಚ್ಚನ್ನು ಒದ್ದೆ ಕೈಯಲ್ಲಿ ಮುಟ್ಟಿದ್ದು ನನ್ನ ಕಣ್ಣಿಗೆ ಬಿದ್ದರೆ ಬೈಸಿಕೊಳ್ಳುತ್ತೀರಿ. ಎರಡು ಸಲ ಹಾಗೆ ಮಾಡಿಯೂ ಆಗಲಿಲ್ಲ ಅಂದರೆ ಬಟನ್ ಬೋರ್ಡೇ ಕೆಟ್ಟಿರಬಹುದು. ಆಗ ಮೆಕ್ಯಾನಿಕ್ ಕರೆಯಿರಿ, ಬೇಡ ಅನ್ನುವುದಿಲ್ಲ.

ಬೀಗ ಬಿತ್ತು ಹೇಗೆ ಅಂತ ಕೇಳಿದ್ದಕ್ಕೆ ಇಬ್ಬರೂ ನಾಲ್ಕು ವರ್ಷದ ಮೊಮ್ಮಗನ ಕಡೆ ಕೈ ತೋರಿಸಿದರು. ಮಗು ಪಾಪ ಅಳುಮುಖ ಮಾಡಿಕೊಂಡು ಬಾಗಿಲ ಹಿಂದೆ ನಿಂತಿತ್ತು. ನಾನು ಸೊಸೆಯನ್ನು ಕೇಳಿದೆ, ಮಷೀನು ಓಡುವಾಗ ಅದರ ಮುಖ ಒರೆಸಿದೆಯೇನಮ್ಮಾ ಅಂತ. ಒರೆಸಿದ್ದಳು. ಒದ್ದೆ ಬಟ್ಟೆ ಹಿಡಿದು ಕಲೆ ಉಜ್ಜುವಾಗ ಅಂಗೈ ಅಲ್ಲೇ ಊರಿದರೆ ಎರಡೂ ಬಟನ್ ಒಟ್ಟಿಗೆ ಒತ್ತಿದ ಹಾಗೆ ಆಗುತ್ತದೆ, ಬೀಗ ಬೀಳುತ್ತದೆ. ಒರೆಸುವುದಿದ್ದರೆ ಮಷೀನು ಆಫ್ ಇರುವಾಗ ಒರೆಸಿ. ಗ್ಯಾಸ್ ಸ್ಟೌವ್ ವಿಷಯದಲ್ಲೂ ಇದೇ ಅವಸರ ಈ ಹುಡುಗಿಯರಿಗೆ. ಬಿಸಿ ಇರುವಾಗಲೇ ಒದ್ದೆ ಬಟ್ಟೆ ಎಳೆಯುತ್ತಾರೆ. ಗಾಜಿನ ಸ್ಟೌವ್ ಆದರೆ ಸೀಳು ಬಿಡುತ್ತದೆ, ಬರ್ನರ್ ತೂತಿಗೆ ಸೋಪಿನ ನೀರು ಹೋದರೆ ಉರಿ ಹಳದಿಯಾಗಿ ಪಾತ್ರೆಯ ತಳ ಮಸಿ ಹಿಡಿಯುತ್ತದೆ. ಆರಿದ ಮೇಲೆ ಒರೆಸಿದರೆ ಗಂಟೇನು ಹೋಗುತ್ತದೆ?

ಬಾಗಿಲು ಜಗ್ಗುತ್ತಿದ್ದ ನನ್ನ ಮಗನಿಗೂ ಒಂದು ಮಾತು. ಬಾಗಿಲಿನ ಬೀಗವೇ ಬೇರೆ, ಚೈಲ್ಡ್ ಲಾಕೇ ಬೇರೆ. ಮುಂದಿನಿಂದ ಬಟ್ಟೆ ಹಾಕುವ ಮಷೀನಿನಲ್ಲಿ ಓಡುವಷ್ಟು ಹೊತ್ತೂ ಬಾಗಿಲು ಹಿಡಿದುಕೊಂಡೇ ಇರುತ್ತದೆ, ಚೈಲ್ಡ್ ಲಾಕ್ ಇರಲಿ ಬಿಡಲಿ. ಒಳಗೆ ನೀರಿದ್ದರೂ ತೆರೆಯುವುದಿಲ್ಲ, ಬಿಸಿ ನೀರಿನಲ್ಲಿ ಹಾಕಿದ್ದರೆ ಆರುವ ತನಕವೂ ತೆರೆಯುವುದಿಲ್ಲ. ಮುಗಿದ ಮೇಲೂ ಒಂದೆರಡು ನಿಮಿಷ ಬೇಕು. ಕರೆಂಟಿಗೆ ಬಿಸಿಯಾಗಿ ಬಾಗಿಲು ಹಿಡಿಯುವ ಒಂದು ಸಣ್ಣ ಭಾಗ ಅಲ್ಲಿರುತ್ತದೆ. ಅದು ಆರಿದ ಮೇಲೆ ಟಿಕ್ ಅಂತ ಬಿಡುತ್ತದೆ. ಆ ಟಿಕ್ ಕೇಳಿಸಿದ ಮೇಲೆ ಒಂದು ಬೆರಳಲ್ಲಿ ಎಳೆದರೂ ಬರುತ್ತದೆ. ಅದಕ್ಕೆ ಮೊದಲು ಜಗ್ಗಿದರೆ ಹಿಡಿ ಮುರಿಯುತ್ತದೆ. ಉಳಿದುಹೋದ ಒಂದು ಕಾಲುಚೀಲ ಹಾಕಬೇಕು ಅಂತ ಮಧ್ಯೆ ತೆರೆಯುವುದಿದ್ದರೆ ಮೊದಲು ಚೈಲ್ಡ್ ಲಾಕ್ ಬಿಡಿಸಿ, ಆಮೇಲೆ ಮಷೀನು ನಿಲ್ಲಿಸುವ ಪಾಜ್ ಬಟನ್ ಒತ್ತಿ, ಆಮೇಲೆ ಕಾಯಿರಿ. ಒಂದು ಕಾಲುಚೀಲಕ್ಕೆ ಇಷ್ಟೆಲ್ಲ ಯಾಕೆ, ಕೈಯಲ್ಲೇ ಒಗೆದು ಹಾಕಿ.

ಇನ್ನು ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಚೆನ್ನಾಗಿ ಕೇಳಿ. ಚೈಲ್ಡ್ ಲಾಕ್ ಹಾಕಿದ್ದೇವೆ, ಇನ್ನು ಭಯವಿಲ್ಲ ಅಂದುಕೊಂಡಿದ್ದೀರಲ್ಲ, ಅದು ತಪ್ಪು. ಅದು ಬಟನ್ ಕಾಯುತ್ತದೆ, ಮಗುವನ್ನಲ್ಲ. ಮಷೀನು ಆಫ್ ಇರುವಾಗ ಬಾಗಿಲು ಯಾರು ಎಳೆದರೂ ತೆರೆಯುತ್ತದೆ. ನನ್ನ ಮೊಮ್ಮಗನೇ ಒಂದು ಸಲ ತನ್ನ ಕಾರು, ಲಾರಿ ಎಲ್ಲ ತುಂಬಿ, ತಾನೂ ತಲೆ ಒಳಗೆ ತೂರಿಸಿಕೊಂಡು ಕೂತಿದ್ದ. ನೋಡಿದಾಗ ನನ್ನ ಎದೆ ಧಸಕ್ ಅಂತು. ವಾಸನೆ ಬರಬಾರದು ಅಂತ ಬಾಗಿಲು ತೆರೆದಿಡಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಮನೆಯಲ್ಲಿ ಓಡಾಡುವ ಮಗು ಇದ್ದರೆ ಅದು ಎದ್ದಿರುವಾಗ ತೆರೆದಿಡಬೇಡಿ. ಬಾಯಿಯ ರಬ್ಬರಿನ ಮಡಿಕೆಯನ್ನು ಬೆರಳಲ್ಲಿ ಬಿಡಿಸಿ, ಒಣ ಬಟ್ಟೆಯಲ್ಲಿ ನೀರು ಒರೆಸಿ, ಬಾಗಿಲು ಮುಚ್ಚಿ, ಗೋಡೆಯ ಸ್ವಿಚ್ ಆರಿಸಿ. ಮಗು ಮಲಗಿದ ಮೇಲೆ ತೆರೆದಿಟ್ಟು ಬೆಳಿಗ್ಗೆ ಅದು ಏಳುವ ಮೊದಲೇ ಮುಚ್ಚಿ. ಮೇಲಿನಿಂದ ಹಾಕುವ ಕೆಲವು ಮಷೀನುಗಳಲ್ಲಿ ಚೈಲ್ಡ್ ಲಾಕ್ ಇದ್ದಾಗ ಮುಚ್ಚಳ ತೆಗೆದಿಟ್ಟರೆ ಬೀಪ್ ಬೀಪ್ ಅಂತ ಕೂಗಿ, ಒಳಗಿನ ನೀರನ್ನೆಲ್ಲ ತಾನೇ ಹೊರಗೆ ಬಿಟ್ಟುಬಿಡುತ್ತದೆ. ಮಗು ನೀರಿಗೆ ಬೀಳಬಾರದು ಅಂತ ಮಾಡಿರುವುದು. ನೀರು ಹೋಯಿತಲ್ಲ ಅಂತ ಅದಕ್ಕೂ ಮೆಕ್ಯಾನಿಕ್ ಕರೆದೀರಿ ಜೋಕೆ.

ಬೀಗ ಬೇಕು ಅನ್ನಿಸಿದಾಗ ಹಾಕುವುದೂ ಅದೇ ಎರಡು ಬಟನ್‌ನಿಂದಲೇ. ಸ್ಟಾರ್ಟ್ ಒತ್ತಿ, ನೀರು ಬರುವ ಸದ್ದು ಕೇಳಿಸಿದ ಮೇಲೆ ಹಾಕಿ. ಬಟ್ಟೆ ತೆಗೆಯುವಾಗ ನೆನಪಿಟ್ಟು ಬಿಡಿಸಿಯೇ ಆಫ್ ಮಾಡಿ.

ಆವತ್ತು ಬೀಗ ಬಿಟ್ಟ ಮೇಲೆ ಸೊಸೆ ಉಳಿದ 38 ನಿಮಿಷ ಓಡಿಸಿ, ಬಟ್ಟೆ ತೆಗೆದು ಹಾಗೇ ಹರವಲು ಹೊರಟಳು. ನಾನು ತಡೆದೆ. ಬೆಳಿಗ್ಗೆಯಿಂದ ಸೋಪಿನ ನೀರಿನಲ್ಲಿ ನೆನೆದ ಬಟ್ಟೆ, ಮುಗ್ಗಲು ವಾಸನೆ ಹಿಡಿಯಲು ಇನ್ನೇನು ಬೇಕು? ಬಣ್ಣ ಬಿಡುವ ಕೆಂಪು ಟವೆಲ್ ತೆಗೆದು ಬದಿಗಿಟ್ಟೆವು. ಮಿಕ್ಕಿದ್ದನ್ನು ಇನ್ನೊಂದು ಸಲ ರಿನ್ಸ್‌ಗೆ ಹಾಕಿ, ಹಿಂಡಿಸಿ, ಒಂದೊಂದನ್ನೂ ಎರಡು ಸಲ ಕೊಡವಿ ಟೆರೇಸಿನ ಹಗ್ಗಕ್ಕೆ ಹಾಕಿದೆವು. ಮೊಮ್ಮಗ ಕ್ಲಿಪ್ಪು ಎತ್ತಿ ಕೊಟ್ಟ. ಇಳಿಬಿಸಿಲು ಇನ್ನೂ ಒಂದು ಗಂಟೆ ಇತ್ತು, ಶರ್ಟ್‌ಗಳೆಲ್ಲ ಗರಿಗರಿಯಾಗಿ ಒಣಗಿದವು.