ಸ್ಟಾಪ್‌ವಾಚ್ ಹಿಡಿದು ಶುರುವಾಯಿತು: ಆರೋಗ್ಯ ಅರ್ಥಶಾಸ್ತ್ರಕ್ಕೆ ನಾನು ಬಂದ ದಾರಿ

ನಾನು ಅರ್ಥಶಾಸ್ತ್ರ ಓದಿದವಳಲ್ಲ. ಓದಿದ್ದು ಫಾರ್ಮಸಿ. ಓದು ಮುಗಿದ ಮೇಲೆ, ಮಕ್ಕಳ ಲಸಿಕೆಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಅಂತ ನೋಡುವ ಅಧ್ಯಯನವೊಂದಕ್ಕೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದೆ. ಆರು ತಿಂಗಳ ಕೆಲಸ. ಒಂದು ಸ್ಟಾಪ್‌ವಾಚ್, ಒಂದು ಕಂತೆ ಫಾರಂ ಕೊಟ್ಟು ಲಸಿಕೆ ಕೋಣೆಯ ಮೂಲೆಯಲ್ಲಿ ಕೂರಿಸಿದರು.

ನರ್ಸ್ ಒಂದು ಮಗುವಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ ಬರೆದುಕೊಳ್ಳಬೇಕಿತ್ತು. ಚುಚ್ಚುವುದಕ್ಕೆ ಅರ್ಧ ನಿಮಿಷವೂ ಬೇಡ. ಆದರೆ ಕಾರ್ಡ್ ನೋಡಬೇಕು, ರಿಜಿಸ್ಟರ್ ತುಂಬಬೇಕು, ಜ್ವರ ಬಂದರೆ ಏನು ಮಾಡಬೇಕು ಅಂತ ತಾಯಿಗೆ ಹೇಳಬೇಕು. ಅಳುವ ಮಗುವನ್ನು ಸಮಾಧಾನ ಮಾಡಬೇಕು. ನನ್ನ ಫಾರಂನಲ್ಲಿ ಸಮಾಧಾನಕ್ಕೆ ಕಾಲಂ ಇರಲಿಲ್ಲ. ಪೆನ್ನಿನಿಂದ ಗೆರೆ ಎಳೆದು ನಾನೇ ಸೇರಿಸಿದೆ. ತಿಂಗಳ ಕೊನೆಗೆ ಕೂಡಿಸಿ ನೋಡಿದರೆ ಚುಚ್ಚಿದ ಸಮಯಕ್ಕಿಂತ ಆ ಕಾಲಂನ ಸಮಯವೇ ಜಾಸ್ತಿ ಇತ್ತು! ಈ ಕೆಲಸ ನನಗೆ ಹಿಡಿಸಿದ್ದು ಅವತ್ತೇ.

ಆಮೇಲೆ ಫ್ರಿಜ್ ಬಂತು. ಲಸಿಕೆ ಇಡುವ ಫ್ರಿಜ್ ಹತ್ತು ವರ್ಷ ಬಾಳುತ್ತದೆ ಅಂತ ಇಟ್ಟುಕೊಂಡಿದ್ದೆವು. ನಾನು ಅದರ ಬೆಲೆಯನ್ನು ಸೀದಾ ಹತ್ತರಿಂದ ಭಾಗಿಸಿ ವರ್ಷದ ಖರ್ಚು ಅಂತ ಬರೆದೆ. ನಮ್ಮ ತಂಡದ ಹಿರಿಯ ಮೇಡಂ ಕೇಳಿದರು, "ಇವತ್ತು ಫ್ರಿಜ್‌ಗೆ ಹಾಕಿದ ದುಡ್ಡು ಹತ್ತು ವರ್ಷ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಅದು ಬೇರೆ ಕಡೆ ಕೆಲಸಕ್ಕೆ ಬರುತ್ತಿತ್ತು ಅಲ್ವಾ? ಅದನ್ನ ಎಲ್ಲಿ ಹಿಡಿದಿದ್ದೀರಿ?" ಆ ದುಡ್ಡು ಬೇರೆ ಕಡೆ ವರ್ಷಕ್ಕೆ ಶೇಕಡ 3 ಗಳಿಸುತ್ತಿತ್ತು ಅಂತ ಹಿಡಿದರೆ, ಹತ್ತು ವರ್ಷಕ್ಕೆ ಭಾಗಿಸಬೇಕಾದ ಸಂಖ್ಯೆ 10 ಅಲ್ಲ, 8.53. ಹಾಗೆ ಮಾಡಿದರೆ ವರ್ಷದ ಖರ್ಚು ಏರುತ್ತದೆ.

ಅವಕಾಶ ವೆಚ್ಚ ಅನ್ನುವ ಮಾತು ನನಗೆ ಅರ್ಥವಾಗಿದ್ದು ಪುಸ್ತಕದಿಂದಲ್ಲ, ಆ ಫ್ರಿಜ್‌ನಿಂದ. ಒಂದು ಕಡೆ ಹಾಕಿದ್ದು ಇನ್ನೊಂದು ಕಡೆ ಸಿಗುವುದಿಲ್ಲ. ನರ್ಸ್ ಲಸಿಕೆ ಕೋಣೆಯಲ್ಲಿದ್ದ ಹೊತ್ತಿನಲ್ಲಿ ಗರ್ಭಿಣಿಯರ ತಪಾಸಣೆಗೆ ಇರಲಿಲ್ಲ. ಈ ಶಾಸ್ತ್ರದಲ್ಲಿ ಏನೇ ಕಲಿತರೂ ನಾನು ಮತ್ತೆ ಬಂದು ನಿಲ್ಲುವುದು ಇಲ್ಲಿಗೇ.

ಆರು ತಿಂಗಳು ಮುಗಿಯುವ ಹೊತ್ತಿಗೆ ಮುಂದೆ ಓದಬೇಕು ಅಂತ ನಿರ್ಧಾರ ಮಾಡಿದ್ದೆ. ಆದರೆ ಕೈಯಲ್ಲಿ ದುಡ್ಡಿರಲಿಲ್ಲ. ಹಾಗಾಗಿ ಮೊದಲು ಒಂದು ವರ್ಷ ಕೆಲಸ ಮಾಡುತ್ತಲೇ ನಾನೇ ಕಲಿತೆ. ಎಕ್ಸೆಲ್‌ನಲ್ಲಿ ಒಂದು ಮಾರ್ಕೋವ್ ಮಾಡೆಲ್ ಕಟ್ಟಿದೆ. ಮೂರೇ ಸ್ಥಿತಿ: ಆರೋಗ್ಯ, ಕಾಯಿಲೆ, ಸಾವು. ಪ್ರತಿ ವರ್ಷ ಸಾವಿರ ಜನರಲ್ಲಿ ಎಷ್ಟು ಮಂದಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾರೆ ಅಂತ ಸಾಲು ಸಾಲಾಗಿ ಲೆಕ್ಕ. ಸಾಲಿನ ಮೊತ್ತ ಯಾವಾಗಲೂ ಸಾವಿರವೇ ಬರಬೇಕು. ನನ್ನದರಲ್ಲಿ ಹದಿನೇಳನೇ ವರ್ಷಕ್ಕೆ 1,004 ಜನ ಆದರು. ಆ ನಾಲ್ಕು ಜನ ಎಲ್ಲಿಂದ ಬಂದರು ಅಂತ ಹುಡುಕುವುದರಲ್ಲೇ ಎರಡು ಸಂಜೆ ಹೋಯಿತು. ಒಂದು ಸೆಲ್‌ನಲ್ಲಿ ಸಾವಿನ ಪ್ರಮಾಣವನ್ನು ಕಳೆಯುವುದೇ ಬಿಟ್ಟುಹೋಗಿತ್ತು. ಅದೇ ಮಾಡೆಲ್ ಅನ್ನು ಆಮೇಲೆ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. ಆರ್ ಉಚಿತ, ಕಲಿಸುವವರೂ ಬೇಕಾದಷ್ಟು ಜನ ಇದ್ದಾರೆ. ಅಂಕಿಅಂಶಕ್ಕೂ ಕಾಸು ಕೊಡಬೇಕಿಲ್ಲ. ಯಾವ ಕಾಯಿಲೆಯಿಂದ ಎಷ್ಟು ನಷ್ಟ ಅನ್ನುವ ಗ್ಲೋಬಲ್ ಬರ್ಡನ್ ಆಫ್ ಡಿಸೀಸ್ ಅಂಕಿಗಳು, ದೇಶ ದೇಶಗಳ ಆರೋಗ್ಯ ಖರ್ಚಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಗಳು, ಎರಡನ್ನೂ ಸುಮ್ನೆ ಇಳಿಸಿಕೊಳ್ಳಬಹುದು.

ಸ್ನಾತಕೋತ್ತರ ಓದಿಗೆ ಅರ್ಜಿ ಹಾಕುವಾಗ ದೊಡ್ಡ ದೊಡ್ಡ ಮಾತು ಬರೆಯಲಿಲ್ಲ. ಫ್ರಿಜ್ ಬಗ್ಗೆ ಬರೆದೆ. ಸಮಾಧಾನದ ಕಾಲಂ ಬಗ್ಗೆ ಬರೆದೆ. ಪ್ರವೇಶ ಸಿಕ್ಕಿದ್ದು ಅದರಿಂದಲೇ ಅಂತ ನನ್ನ ನಂಬಿಕೆ.

ಎಲ್ಲಿ ಓದಬಹುದು ಅಂತ ತುಂಬ ಜನ ಕೇಳುತ್ತಾರೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ 1978ರಿಂದ ಆರೋಗ್ಯ ಅರ್ಥಶಾಸ್ತ್ರಕ್ಕೇ ಸ್ನಾತಕೋತ್ತರ ಕೋರ್ಸ್ ಇದೆ. ಮಾಡೆಲ್ ಕಟ್ಟುವುದು ಇಷ್ಟ ಇದ್ದರೆ ಅದು ಒಳ್ಳೆಯ ಜಾಗ. ನೀತಿ, ಹಣಕಾಸಿನ ಕಡೆ ಒಲವಿದ್ದರೆ ಲಂಡನ್ ಸ್ಕೂಲ್ ಆಫ್ ಹೈಜೀನ್ ಆ್ಯಂಡ್ ಟ್ರಾಪಿಕಲ್ ಮೆಡಿಸಿನ್ ನೋಡಿ. ಬೊಲೊನ್ಯಾ, ರಾಟರ್‌ಡ್ಯಾಮ್, ಓಸ್ಲೋ ವಿಶ್ವವಿದ್ಯಾಲಯಗಳು ಮತ್ತು ಇನ್ಸ್‌ಬ್ರುಕ್‌ನ ಎಂಸಿಐ ಸಂಸ್ಥೆ ಸೇರಿ ಒಂದು ಜಂಟಿ ಕೋರ್ಸ್ ನಡೆಸುತ್ತವೆ. ದುಡ್ಡಿನ ವಿಷಯಕ್ಕೆ ಬಂದರೆ, ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ಅಂದರೆ ಸುಮಾರು ಎರಡು ವರ್ಷದ ಕೆಲಸ. ಓದು ಮುಗಿದ ಮೇಲೆ ಎರಡು ವರ್ಷ ನಿಮ್ಮ ದೇಶದಲ್ಲೇ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಇಂಟರ್ನ್‌ಶಿಪ್ 6ರಿಂದ 24 ವಾರ. ಹಿಂದೆ ಅದಕ್ಕೆ ಕೈಯಿಂದಲೇ ಖರ್ಚು ಮಾಡಬೇಕಿತ್ತು. 2020ರಿಂದ ಸ್ಟೈಪೆಂಡ್ ಕೊಡುತ್ತಿದ್ದಾರೆ. ಇದು ಸಣ್ಣ ಬದಲಾವಣೆ ಅಲ್ಲ. ಮೊದಲು ಅನುಕೂಲಸ್ಥರ ಮಕ್ಕಳಿಗೆ ಮಾತ್ರ ಆಗುತ್ತಿದ್ದದ್ದು ಈಗ ಉಳಿದವರಿಗೂ ಆಗುತ್ತದೆ.

ಓದು ಮುಗಿಸಿ ಹೋದ ಮೊದಲ ಇಂಟರ್‌ವ್ಯೂ ನನಗೆ ಇವತ್ತಿಗೂ ನೆನಪಿದೆ. ಒಂದು ಚಿಕಿತ್ಸೆ ಖರ್ಚಿಗೆ ತಕ್ಕದ್ದೋ ಅಲ್ಲವೋ ಅಂತ ಹೇಗೆ ಹೇಳುತ್ತೀರಿ ಅಂತ ಕೇಳಿದರು. ಆರೋಗ್ಯದ ಒಂದು ವರ್ಷ ಉಳಿಸಲು ಆಗುವ ಖರ್ಚು ದೇಶದ ತಲಾ ಜಿಡಿಪಿಯ ಒಂದರಿಂದ ಮೂರು ಪಟ್ಟಿನೊಳಗೆ ಇದ್ದರೆ ಸರಿ ಅಂದೆ. "ಆ ಮೂರು ಎಲ್ಲಿಂದ ಬಂತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕೆಲಸ ಸಿಗಲಿಲ್ಲ. ಮನೆಗೆ ಬಂದು ಹುಡುಕಿದಾಗ, 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೇ ಆ ಸೂತ್ರವನ್ನು ಕಣ್ಣುಮುಚ್ಚಿ ಬಳಸಬೇಡಿ ಅಂತ ಬರೆದಿದ್ದು ಸಿಕ್ಕಿತು. ಇಂಗ್ಲೆಂಡಿನಲ್ಲಿ ಯಾವ ಔಷಧಿಗೆ ಸರ್ಕಾರಿ ದುಡ್ಡು ಕೊಡಬೇಕು ಅಂತ ಹೇಳುವ ಸಂಸ್ಥೆ ನೈಸ್. ಅದು ವರ್ಷಾನುಗಟ್ಟಲೆ ಒಂದು ಕ್ವಾಲಿಗೆ, ಅಂದರೆ ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ, 20,000ದಿಂದ 30,000 ಪೌಂಡ್ ಗಡಿ ಇಟ್ಟುಕೊಂಡಿತ್ತು. 2015ರಲ್ಲಿ ಕಾರ್ಲ್ ಕ್ಲಾಕ್ಸ್‌ಟನ್ ಮತ್ತು ಜೊತೆಗಾರರು ಬೇರೆಯದೇ ಪ್ರಶ್ನೆ ಕೇಳಿದರು. ಹೊಸದಕ್ಕೆ ದುಡ್ಡು ಕೊಟ್ಟಾಗ ಹಳೆಯ ಸೇವೆಗಳಲ್ಲಿ ನಾವು ಎಷ್ಟು ಆರೋಗ್ಯ ಕಳೆದುಕೊಳ್ಳುತ್ತೇವೆ? ಅವರಿಗೆ ಬಂದ ಉತ್ತರ: ಪ್ರತಿ 12,936 ಪೌಂಡ್‌ಗೆ ಒಂದು ಕ್ವಾಲಿ. ಅಂದರೆ ಗಡಿಯ ಹತ್ತಿರದ ಬೆಲೆಗೆ ಒಪ್ಪಿದ ಔಷಧಿ, ಕೊಡುವುದಕ್ಕಿಂತ ಜಾಸ್ತಿ ಆರೋಗ್ಯವನ್ನು ಬೇರೆ ರೋಗಿಗಳಿಂದ ಕಿತ್ತುಕೊಳ್ಳಬಹುದು. ಮತ್ತೆ ಅದೇ ಫ್ರಿಜ್ ಪ್ರಶ್ನೆ. ಗೊತ್ತಿದ್ದ ವಿಷಯವನ್ನೇ ನಾನು ಇಂಟರ್‌ವ್ಯೂನಲ್ಲಿ ಬಿಟ್ಟುಕೊಟ್ಟಿದ್ದೆ.

ಎರಡನೇ ಕಡೆ ಕೆಲಸ ಸಿಕ್ಕಿತು. ಮಂಡಿ ನೋವಿನ ರೋಗಿಗಳನ್ನು ಮಾತಾಡಿಸಿ ಕ್ವಾಲಿ ಲೆಕ್ಕಕ್ಕೆ ಬಳಸುವ ಇಕ್ಯೂ-5ಡಿ ಅನ್ನುವ ಪ್ರಶ್ನಾವಳಿ ತುಂಬಿಸಬೇಕಿತ್ತು. ಐದೇ ಪ್ರಶ್ನೆ: ಓಡಾಟ, ಸ್ವಂತ ಕೆಲಸ, ದಿನದ ಚಟುವಟಿಕೆ, ನೋವು, ಆತಂಕ. ಒಂದೊಂದಕ್ಕೂ ಐದು ಹಂತ. ಹಾಗಾಗಿ ಒಟ್ಟು 3,125 ಬಗೆಯ ಉತ್ತರ ಬರಬಹುದು. ದಿನದ ಚಟುವಟಿಕೆಗೆ ಏನಾದರೂ ತೊಂದರೆ ಇದೆಯಾ ಅಂತ ಒಬ್ಬ ಅಜ್ಜಿಯನ್ನು ಕೇಳಿದೆ. "ಇಲ್ಲಮ್ಮ" ಅಂದರು. ಮುಂದಿನ ಪ್ರಶ್ನೆಗೆ ಹೋಗುವಷ್ಟರಲ್ಲಿ ಅವರೇ ಹೇಳಿದರು, "ಮೆಟ್ಟಿಲು ಹತ್ತೋದು ಬಿಟ್ಟು ಮೂರು ವರ್ಷ ಆಯ್ತು. ಈಗ ಕೆಳಗೇ ಮಲಗ್ತೀನಿ." ತೊಂದರೆ ಇಲ್ಲದ್ದಲ್ಲ. ಅವರು ತಮ್ಮ ಬದುಕನ್ನೇ ನೋವಿನ ಅಳತೆಗೆ ಚಿಕ್ಕದು ಮಾಡಿಕೊಂಡಿದ್ದರು. ಉತ್ತರವನ್ನು ನಾನು ತಿದ್ದುವ ಹಾಗಿಲ್ಲ. ಅವರು ಹೇಳಿದ್ದನ್ನೇ ಗುರುತು ಹಾಕಿ, ಪಕ್ಕದಲ್ಲಿ ಟಿಪ್ಪಣಿ ಬರೆದೆ. ಈಗ ಯಾವುದೇ ಕ್ವಾಲಿ ಸಂಖ್ಯೆ ನೋಡಿದರೂ ಅದರ ಹಿಂದೆ ಯಾರನ್ನು ಕೇಳಿದ್ದಾರೆ, ಹೇಗೆ ಕೇಳಿದ್ದಾರೆ ಅಂತ ಮೊದಲು ಹುಡುಕುತ್ತೇನೆ.

ಕೆಲಸಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ವಿಶ್ವವಿದ್ಯಾಲಯದ ಸಂಶೋಧನಾ ತಂಡಗಳಿವೆ. ನೈಸ್ ಅಥವಾ ಥಾಯ್ಲೆಂಡಿನ ಹೈಟ್ಯಾಪ್ ತರಹ ಸರ್ಕಾರಕ್ಕೆ ಸಲಹೆ ಕೊಡುವ ಸಂಸ್ಥೆಗಳಿವೆ. ಔಷಧಿ ಕಂಪನಿ ಮತ್ತು ಕನ್ಸಲ್ಟಿಂಗ್‌ನಲ್ಲಿ ಸಂಬಳ ಜಾಸ್ತಿ. ಆದರೆ ಅಲ್ಲಿ ಮಾಡೆಲ್ ಯಾರ ಔಷಧಿಯ ಪರ ಅನ್ನುವುದು ಮೊದಲೇ ಗೊತ್ತಿರುತ್ತದೆ. ಅದು ತಪ್ಪು ಅಂತಲ್ಲ, ಆದರೆ ಗೊತ್ತಿದ್ದು ಹೋಗಬೇಕು. ಸಂಶೋಧನೆಯ ಕಡೆ ಗುತ್ತಿಗೆ ಒಂದು ವರ್ಷ, ಎರಡು ವರ್ಷದ್ದೇ ಹೆಚ್ಚು. ನನ್ನ ಒಂದು ಗುತ್ತಿಗೆ ಮುಂದುವರಿಯುವುದಿಲ್ಲ ಅಂತ ಮೂರು ವಾರ ಮೊದಲು ತಿಳಿಸಿದರು. ಆ ಮೂರು ವಾರ ಕಷ್ಟದ್ದು. ಅವತ್ತಿನಿಂದ ಗುತ್ತಿಗೆ ಮುಗಿಯಲು ಆರು ತಿಂಗಳು ಇರುವಾಗಲೇ ಮುಂದಿನದನ್ನು ಹುಡುಕಲು ಶುರು ಮಾಡುತ್ತೇನೆ.

ಈಗ ನಮ್ಮ ತಂಡಕ್ಕೆ ಹೊಸಬರನ್ನು ಆರಿಸುವಾಗ ನಾನೂ ಕೂರುತ್ತೇನೆ. ನಾನು ಕೇಳುವುದು ಒಂದೇ: ಯಾವುದಾದರೂ ಒಂದು ಸೇವೆಯ ಖರ್ಚನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಲೆಕ್ಕ ಹಾಕಿದ್ದೀರಾ? ಹೋದ ಸಲ ಒಬ್ಬ ಹುಡುಗ ತಾನು ಕೆಲಸ ಮಾಡುತ್ತಿದ್ದ ಡಯಾಲಿಸಿಸ್ ಘಟಕದ ಲೆಕ್ಕ ತಂದಿದ್ದ. ಯಂತ್ರದ ಬೆಲೆಯನ್ನು ಅದು ಬಾಳುವ ವರ್ಷಗಳ ಸಂಖ್ಯೆಯಿಂದ ಸೀದಾ ಭಾಗಿಸಿದ್ದ. ರೋಗಿಯ ಜೊತೆ ಬಂದವರು ದಿನಗೂಲಿ ಬಿಟ್ಟು ಕಾಯುವ ಹೊತ್ತಿಗೆ ಮಾತ್ರ ಅವನೇ ಒಂದು ಕಾಲಂ ಸೇರಿಸಿದ್ದ. ಸೋಮವಾರದಿಂದ ಬನ್ನಿ ಅಂದೆ.